ಮರಳಿನ ಚಿತ್ರ ಬಿಡಿಸಲು ಆರ್ಶ್ ಕಾಗದ: ಕಾಸರಗೋಡಿನ ತೇವದಲ್ಲಿ ಹೇಗಿದೆ?

ಥಾರ್ ಮರುಭೂಮಿ ಸುತ್ತಿ ಬಂದವರು, ಗಲ್ಫಿನಲ್ಲಿ ದುಡಿದು ಬಂದವರು ಕಾಸರಗೋಡಿನಲ್ಲಿ ಕಡಿಮೆಯಿಲ್ಲ. ಅಲ್ಲಿನ ಮರಳುದಿಬ್ಬಗಳನ್ನು ನೆನಪಿನಿಂದ ಜಲವರ್ಣದಲ್ಲಿ ಬಿಡಿಸಲು ಕೂತರೆ ಮೊದಲು ಕೈಕೊಡುವುದು ಕಾಗದವೇ. ದಿಬ್ಬವೆಂದರೆ ಹಳದಿಯಿಂದ ಕಂದಿಗೆ, ಕಂದಿನಿಂದ ನೇರಳೆ ನೆರಳಿಗೆ ಜಾರುವ ಒಂದೇ ದೊಡ್ಡ ಹರಹು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅದು ಅಲ್ಲಲ್ಲಿ ಬೇಗ ಒಣಗಿ ಪಟ್ಟೆ ಬೀಳುತ್ತದೆ.

ಫ್ರಾನ್ಸಿನ ಆರ್ಶ್ 1492ರಿಂದ ಇರುವ ಕಾಗದದ ಕಾರ್ಖಾನೆ. ಕಾಗದ ಪೂರ್ತಿ ಹತ್ತಿಯದು; ಬಟ್ಟೆಗೆ ಗಂಜಿ ಹಾಕಿದಂತೆ ಜೆಲಟಿನ್ ಹಾಕಿರುತ್ತಾರೆ. ಒದ್ದೆಯಾದಾಗ ಬರುವ ವಾಸನೆ ಅದರದೇ. ಜೆಲಟಿನ್ ಪ್ರಾಣಿಮೂಲದ್ದು, ಬೇಡವೆನ್ನುವವರು ಕೊಳ್ಳುವ ಮೊದಲೇ ತಿಳಿದಿರಲಿ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಕೋಲ್ಡ್ ಪ್ರೆಸ್, ಅಂದರೆ ತುಸು ತರಿತರಿ ಮೈಯ ಕಾಗದ ಸಾಕು. 56×76 ಸೆಂ.ಮೀ. ಹಾಳೆಯನ್ನು ನಾಲ್ಕು ಮಾಡಿದರೆ 28×38ರ ತುಂಡುಗಳು ಸಿಗುತ್ತವೆ. ಬೆಲೆ ದುಬಾರಿ, ಆದರೆ ಮರಳಿನ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕಾಗದದ ನಿಜವಾದ ಗುಣ ನೆರಳು ಹಾಕುವಾಗ ಗೊತ್ತಾಗುತ್ತದೆ. ಎರಡು ಪಾಲು ನೀಲಿ ಅಲ್ಟ್ರಾಮರೀನ್‌ಗೆ ಒಂದು ಪಾಲು ಕೆಂಗಂದು ಬರ್ನ್ಟ್ ಸಿಯೆನ್ನಾ ಬೆರೆಸಿ ತೆಳ್ಳಗೆ ಮಾಡಿ. ಒಣಗಿದ ಹಳದಿಯ ಮೇಲೆ ದಿಬ್ಬದ ಏಣನ್ನು ಒಂದೇ ಎಳೆತದಲ್ಲಿ ಎಳೆದು, ಕೆಳ ಅಂಚನ್ನು ಶುದ್ಧ ಒದ್ದೆ ಕುಂಚದಿಂದ ಕರಗಿಸಬೇಕು. ಮೇಲೆ ಕತ್ತಿಯಂಥ ಗೆರೆ, ಕೆಳಗೆ ಮಂಜು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಸಣ್ಣ ಕುಳಿಗಳಲ್ಲಿ ಇಳಿದು ಕೂರುತ್ತವೆ. ಒಣಗಿದ ಮೇಲೆ ಹತ್ತಿರದಿಂದ ನೋಡಿದರೆ ಮರಳೇ ಉದುರಿದಂತಿರುತ್ತದೆ. ಇಷ್ಟು ಚೆಂದ ಅಗ್ಗದ ಕಾಗದದಲ್ಲಿ ಬರುವುದೇ ಇಲ್ಲ. ನೆರಳಿನ ಇಳಿಜಾರು 34 ಡಿಗ್ರಿ ದಾಟಬಾರದು. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲುವುದಿಲ್ಲ, ದಾಟಿದರೆ ಚಿತ್ರದಲ್ಲಿ ಗುಡ್ಡವಾಗಿಬಿಡುತ್ತದೆ.

ಆಕಾಶದಲ್ಲಿ ಬಹಳ ಮಂದಿ ಎಡವುತ್ತಾರೆ. ಹಸಿ ಯೆಲ್ಲೋ ಓಕರ್‌ಗೆ ನೀಲಿ ತಾಗಿದರೆ ದಿಗಂತ ಹಸಿರಾಗುತ್ತದೆ. ದಿಗಂತಕ್ಕೆ ಮೊದಲು ತೆಳು ಓಕರ್ ಜೊತೆ ಚೂರು ಗುಲಾಬಿ ಹಾಕಿ, ಪೂರ್ತಿ ಒಣಗಿಸಿ, ಆಮೇಲೆ ಮೇಲಿನಿಂದ ನೀಲಿ ಇಳಿಸುತ್ತಾ ದಿಗಂತ ಮುಟ್ಟುವ ಮೊದಲೇ ನೀರಿನಲ್ಲಿ ಮುಗಿಸಿ.

ಇನ್ನು ನಮ್ಮೂರಿನ ಮಳೆಗಾಲ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಒಣಗುವ ಬಣ್ಣ ಆಟಿಯಲ್ಲಿ ಅರ್ಧ ಗಂಟೆ ಕಳೆದರೂ ಹಸಿಯಾಗಿರುತ್ತದೆ. ಅರೆ ಒಣಗಿದ ಜಾಗಕ್ಕೆ ಒದ್ದೆ ಕುಂಚ ಮುಟ್ಟಿಸಿದರೆ ಆ ನೀರು ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಎಬ್ಬಿಸುತ್ತದೆ. ಅಂಗೈಯ ಹಿಂಬದಿ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಹೇರ್ ಡ್ರೈಯರ್ ಹಿಡಿಯುವುದಾದರೆ ಮೇಲಿನ ಹೊಳಪು ಹೋದ ಮೇಲೆ, ಒಂದಡಿ ದೂರದಿಂದ.

ಅದಕ್ಕಿಂತ ದೊಡ್ಡ ತೊಂದರೆ ಕಾಗದ ಇಡುವಲ್ಲಿದೆ. ತೇವದ ಗೋಡೆಗೆ ಒರಗಿಸಿಟ್ಟರೆ ಜೆಲಟಿನ್ ಅಲ್ಲಲ್ಲಿ ಕೆಡುತ್ತದೆ. ಬಣ್ಣ ಹಾಕಿದಾಗ ಆ ಜಾಗ ಒತ್ತುಕಾಗದದಂತೆ ಹೀರಿ ಕಪ್ಪು ಚುಕ್ಕೆ ಮೂಡುತ್ತದೆ. ಸಮವಾದ ಮರಳಿನ ಮೇಲೆ ಅದನ್ನು ಮುಚ್ಚಲಾಗುವುದಿಲ್ಲ. ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಸ್ವಲ್ಪ ಹೊತ್ತು ನಿಲ್ಲಬೇಕು. ತಂದ ದಿನವೇ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲಗಿಸಿಡಿ.

ಬಣ್ಣದ ಬಗ್ಗೆ ಒಂದು ಮಾತು. ಮುರಕಲ್ಲಿನ ಕೆಂಪು ನೋಡಿ ಪಳಗಿದ ಕಣ್ಣು ಮರಳಿಗೂ ಅದನ್ನೇ ಹಾಕಿಬಿಡುತ್ತದೆ. ಜೈಸಲ್ಮೇರ್ ಬಳಿಯ ಸಮ್ ದಿಬ್ಬಗಳು ತೆಳು ಹಳದಿ, ಬರ್ನ್ಟ್ ಸಿಯೆನ್ನಾ ಚಿಟಿಕೆಯಷ್ಟೇ ಸಾಕು. ಎಮಿರೇಟ್ಸ್‌ನ ಒಳನಾಡಿನ ಮರಳಿಗೆ ಕಬ್ಬಿಣದ ಆಕ್ಸೈಡ್ ಲೇಪವಿರುವುದರಿಂದ ಅದು ಕೆಂಪಗಿದೆ, ಅಲ್ಲಿ ಧಾರಾಳವಾಗಿ ಹಾಕಬಹುದು. ಥಾರಿನ ಖೇಜ್ರಿ ನಮ್ಮ ಬನ್ನಿ ಮರವೇ. ಅದಕ್ಕೆ ಅಡಿಕೆ ತೋಟದ ಹಸಿರು ಬೇಡ, ಧೂಳು ಹಿಡಿದ ಬೂದು ಹಸಿರಿರಲಿ.

ಚಿತ್ರ ಕೆಟ್ಟರೆ ಹಾಳೆ ಎಸೆಯಬೇಡಿ. ಪೂರ್ತಿ ಒಣಗಿಸಿ ಮಗುಚಿದರೆ ಹಿಂಬದಿಯೂ ಅಷ್ಟೇ ಚೆನ್ನಾಗಿ ಬಣ್ಣ ಹಿಡಿಯುತ್ತದೆ.