ಐದಿಂಚಿನ ಕೈ ಮಳೆಮಾಪಕ: ಮಳೆ ಬಿಡುವಿನ ಲೆಕ್ಕಕ್ಕೆ ಸೈ, ಮಳೆಯ ಬಿರುಸಿಗೆ ಸಾಲದು

ಆಳಂದ ತಾಲ್ಲೂಕಿನ ನಮ್ಮ ತೊಗರಿ ಹೊಲಕ್ಕೆ ಸೈಮನ್ಸ್ ಮಾದರಿಯ ಮಳೆಮಾಪಕ ತಂದು ಹೋದ ಮುಂಗಾರಿನಿಂದ ಬಳಸುತ್ತಿದ್ದೇವೆ. ನಾನು ಕಲಬುರಗಿಯಲ್ಲಿ ಪದವಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ನಮ್ಮ ಹೊಲದ ದಿನದಿನದ ಅಂಕಿ ನನಗೆ ಬೇಕಿತ್ತು. ಅಣ್ಣನಿಗೆ ಬೇಕಾದದ್ದು ಇಷ್ಟೇ: ಮಳೆ ಒಮ್ಮೆ ಬಿಟ್ಟರೆ ಎಷ್ಟು ದಿನ ಬಿಡಬಹುದು?

ಉಪಕರಣ ಗಟ್ಟಿಯಾಗಿದೆ. ಬಾಯಿಯ ವ್ಯಾಸ 127 ಮಿ.ಮೀ., ಒಳಗೆ ಆಲಿಕೆ, ಅದರ ಕೆಳಗೆ ಬಾಟಲಿ. ಬಾಟಲಿ ತುಂಬಿ ಚೆಲ್ಲಿದ ನೀರು ಹೊರಡಬ್ಬಿಯಲ್ಲಿ ನಿಲ್ಲುವುದರಿಂದ ದೊಡ್ಡ ಮಳೆಯೂ ಲೆಕ್ಕ ತಪ್ಪುವುದಿಲ್ಲ. ಬಾಯಂಚು ನೆಲದಿಂದ ಒಂದಡಿ ಮೇಲಿರುವಂತೆ, ಬೇವಿನ ಮರದಿಂದ ದೂರ ಹೂತಿದ್ದೇವೆ.

ತಕರಾರು ಇರುವುದು ಅಳತೆ ಜಾರಿನದು, ಅಂದರೆ ಬಾಟಲಿಯ ನೀರು ಸುರಿದು ಮಳೆಯನ್ನು ಮಿ.ಮೀ. ಲೆಕ್ಕದಲ್ಲಿ ಓದುವ ಗೆರೆ ಹಾಕಿದ ಪಾತ್ರೆಯದು. ಅಂಗಡಿಯವರು ಮಾಪಕದ ಜೊತೆ ಕೊಟ್ಟದ್ದು 200 ಚದರ ಸೆಂ.ಮೀ. ಬಾಯಿಯ ಮಾಪಕದ ಜಾರು. ನಮ್ಮದರ ಬಾಯಿ ಸುಮಾರು 127 ಚದರ ಸೆಂ.ಮೀ. ಅಂದರೆ 1 ಮಿ.ಮೀ. ಮಳೆಗೆ ನಮ್ಮ ಬಾಟಲಿಯಲ್ಲಿ 12.7 ಮಿ.ಲೀ. ನೀರು ಕೂಡುತ್ತದೆ, ಆ ಜಾರು 1 ಮಿ.ಮೀ. ಎನ್ನಬೇಕಾದರೆ 20 ಮಿ.ಲೀ. ಬೇಕು. ಹತ್ತು ಮಿ.ಮೀ. ಸುರಿದರೂ ಅದು ತೋರಿಸುವುದು ಸುಮಾರು 6.3 ಮಾತ್ರ. ಇದನ್ನು ಸಣ್ಣ ದೋಷ ಅಂತ ಬಿಡಬೇಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ. ಮೂರೂವರೆ ಮಿ.ಮೀ. ಬಿದ್ದ ದಿನ ಈ ಜಾರಿನಲ್ಲಿ 2.2 ಆಗುತ್ತದೆ. ಮಳೆ ದಿನ ಒಣ ದಿನವಾಗಿ, ಎರಡು ಸಣ್ಣ ಬಿಡುವುಗಳು ಕೂಡಿಕೊಂಡು ಒಂದು ಉದ್ದ ಬಿಡುವಾಗಿ ಕಾಗದದ ಮೇಲೆ ಕೂರುತ್ತವೆ. ಲ್ಯಾಬಿನ ಸಿಲಿಂಡರಿನಲ್ಲಿ ಅಳೆದು ತೋರಿಸಿದ ಮೇಲೆ ಅಂಗಡಿಯವರು ಮಾತಿಲ್ಲದೆ ಬದಲಿಸಿಕೊಟ್ಟರು. ನೀವು ಕೊಂಡರೆ ಅಂಗಡಿಯಲ್ಲೇ ನೀರು ಹಾಕಿಸಿ ನೋಡಿ.

ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುವವರು ವೈನಿ, ಅಣ್ಣನ ಹೆಂಡತಿ. ಮೊದಮೊದಲು ಫೋನ್ ಮಾಡಿ, "ಇವತ್ತ ಹನಿನೂ ಬಿದ್ದಿಲ್ಲ, ಏನ್ ಬರೀಲಿ?" ಅನ್ನುತ್ತಿದ್ದರು. "ಸೊನ್ನಿ ಬರೀರಿ ವೈನಿ, ಖಾಲಿ ಬಿಡಬ್ಯಾಡ್ರಿ" ಅನ್ನುತ್ತಿದ್ದೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ಗೊತ್ತಾಗುವುದಿಲ್ಲ. ಬಿಡುವಿನ ಲೆಕ್ಕ ನಿಂತಿರುವುದೇ ಆ ಸೊನ್ನೆಗಳ ಮೇಲೆ. ಅವರ ಪಟ್ಟಿಯಲ್ಲಿ ಒಂದು ದಿನವೂ ಖಾಲಿಯಿಲ್ಲ. ಆ ನೋಟ್‌ಬುಕ್ ನೋಡಿದರೆ ನನಗೆ ಹೆಮ್ಮೆ.

ಇಂಥ ದಿನದಿನದ ಅಂಕಿಯಿಂದ ಬಿಡುವಿನ ಲೆಕ್ಕಕ್ಕೆ ಕಟ್ಟುವ ಮಾದರಿ ಸರಳ. 1962ರಲ್ಲಿ ಗೇಬ್ರಿಯಲ್ ಮತ್ತು ನ್ಯೂಮನ್ ಎಂಬ ಸಂಶೋಧಕರು ಟೆಲ್ ಅವೀವ್ ಮಳೆಗೆ ಹೊಂದಿಸಿ ತೋರಿಸಿದ ಮಾರ್ಕೊವ್ ಸರಪಳಿ ಅದು: ಇವತ್ತು ಮಳೆಯೋ ಒಣವೋ ಎಂಬುದು ನಿನ್ನೆಯ ಮೇಲೆ ನಿಂತಿದೆ. ಒಣ ದಿನದ ಮರುದಿನವೂ ಒಣ ದಿನವೇ ಆಗುವ ಸಾಧ್ಯತೆ 0.8 ಎಂದಿಟ್ಟುಕೊಳ್ಳಿ. ಆಗ ಶುರುವಾದ ಬಿಡುವು ಸರಾಸರಿ ಐದು ದಿನ ನಡೆಯುತ್ತದೆ, ಹತ್ತು ದಿನ ಮುಟ್ಟುವ ಸಾಧ್ಯತೆ ಶೇ 13ರಷ್ಟು. ಎಡೆ ಹೊಡೆಯಬೇಕೆ, ಗೊಬ್ಬರ ಕೊಡಬೇಕೆ ಎಂದು ಅಣ್ಣ ಯೋಚಿಸುವಾಗ ಇಂಥ ಅಂಕಿ ಕೈಗೆ ಬೇಕು. ಆದರೆ ಈ ಸರಪಳಿಗೆ ನೆನಪು ಒಂದೇ ದಿನದ್ದು. ತೀರ ಉದ್ದದ ಬಿಡುವುಗಳನ್ನು ಇದು ಹಲವು ಕಡೆ ಕಡಿಮೆ ಅಂದಾಜು ಮಾಡುತ್ತದೆ, ನಮ್ಮ ಕಡೆ ಪೈರು ಬಾಡಿಸುವುದು ಅಂಥವೇ. ಒಂದು ಮುಂಗಾರಿನ ಅಂಕಿಯಿಂದಲೇ ಸಾಧ್ಯತೆ ಕಟ್ಟಲೂ ಹೋಗಬೇಡಿ. ಹತ್ತಾರು ವರ್ಷದ ಸರಕಾರಿ ದಾಖಲೆಯಿಂದ ಕಟ್ಟಿ, ನಿಮ್ಮ ಹೊಲದ ಅಂಕಿಯಿಂದ ಒರೆಹಚ್ಚಿ.

ಮಳೆಯ ಬಿರುಸಿಗೆ ಮಾತ್ರ ಈ ಮಾಪಕ ಕೈಕೊಡುತ್ತದೆ. ದಿನವಿಡೀ ಜಿಟಿಜಿಟಿಯಾಗಿ ಬಂದ 40 ಮಿ.ಮೀ. ಮತ್ತು ಒಂದೇ ತಾಸಿನಲ್ಲಿ ಹೊಡೆದ 40 ಮಿ.ಮೀ. ಬಾಟಲಿಗೆ ಒಂದೇ. ಎರೆ ಹೊಲಕ್ಕೆ ಅವೆರಡೂ ಒಂದಲ್ಲ. ನೆನೆದು ಉಬ್ಬಿದ ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ, ಸಾಲಿನಲ್ಲಿ ನೀರು ನಿಂತರೆ ತೊಗರಿ ಬೇರು ತಡೆಯುವುದಿಲ್ಲ. ಬಿರುಸು ಬೇಕಿದ್ದರೆ ತಾನೇ ಬರೆದುಕೊಳ್ಳುವ ಮಾಪಕವೇ ಆಗಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ನಾನು ಬಿರುಸಿಗೆ ಅದನ್ನು ನೋಡುತ್ತೇನೆ, ಬಿಡುವಿಗೆ ವೈನಿಯ ನೋಟ್‌ಬುಕ್ಕನ್ನು.

ದುಡ್ಡಿಗೆ ಮೋಸವಿಲ್ಲ, ಒಣಬೇಸಾಯದವರು ಕೊಳ್ಳಬಹುದು. ಸರಿಯಾದ ಜಾರು ಇನ್ನೊಂದನ್ನು ಜೊತೆಗೇ ತೊಗೊಳ್ಳಿ. ಗಾಜಿನದು, ಮುಂಗಾರಿನ ನಡುವೆ ಒಡೆದರೆ ಹೊಸದು ಬರುವತನಕ ಪಟ್ಟಿ ಖಾಲಿ ಬೀಳುತ್ತದೆ.