ನೆಟ್ ಲಂಗ, ಸ್ಯಾಟಿನ್ ಲಂಗ, ಗಂಜಿ ಲಂಗ: ಕೊಡೆ ಸ್ಕರ್ಟಿನ ಒಳಗೆ ಯಾವುದು ಹಾಕೋದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕಾಟನ್ನಿಗೆ. ಬಿಳಿ ಪಾಪ್ಲಿನ್, ಮೂರು ಸುತ್ತು ನೆರಿಗೆ, ಮೇಲೆ ಸಾಬೂದಾನಿ ಗಂಜಿ. ಇದು ಗೊತ್ತಾಗೋಕೆ ಮುಂಚೆ ನೆಟ್ಟಿಗೆ ಸಾವಿರಕ್ಕೂ ಜಾಸ್ತಿ ಸುರಿದೆ, ಸ್ಯಾಟಿನ್ನಿಗೆ ಇನ್ನೊಂದಿಷ್ಟು. ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನಗೆ ಹಳೆ ಕಾಲದ ಸ್ಕರ್ಟಿನ ಹುಚ್ಚು. 1950ರ ದಶಕದ ಫೋಟೋಗಳಲ್ಲಿ ಕಾಣುತ್ತದಲ್ಲ, ನಡು ಸಣ್ಣಗೆ, ಕೆಳಗೆ ಕೊಡೆ ಬಿಚ್ಚಿದ ಹಾಗೆ, ಅದು. 1947ರಲ್ಲಿ ಪ್ಯಾರಿಸ್‌ನಲ್ಲಿ ಕ್ರಿಸ್ಟಿಯನ್ ಡಿಯೋರ್ ಅನ್ನೋ ಫ್ಯಾಷನ್ ಡಿಸೈನರ್ ತೋರಿಸಿದ ಬಟ್ಟೆಗಳಿಂದ ಈ ಆಕಾರಕ್ಕೆ ಹೆಸರು ಬಂತು. ಎರಡನೇ ಮಹಾಯುದ್ಧ ಮುಗಿದು ಆಗಿನ್ನೂ ಎರಡು ವರ್ಷ. ಗೇಣು ಬಟ್ಟೆಗೂ ಲೆಕ್ಕ ಕೊಟ್ಟು ಬದುಕಿದ್ದ ಜನರ ಮುಂದೆ ಒಂದೊಂದು ಸ್ಕರ್ಟಿಗೆ ಗಜಗಟ್ಟಲೆ ಬಟ್ಟೆ ಸುರಿದರೆ ಬಾಯಿ ಬಿಟ್ಟು ನೋಡದೆ ಇರುತ್ತಾರಾ? ಕೆಲವರು ಬೈದರು, ಉಳಿದವರು ಹೊಲಿಸಿಕೊಂಡರು.

ಸ್ಕರ್ಟ್ ಹೊಲಿಯೋದು ಕಷ್ಟ ಇಲ್ಲ. ಸೊಂಟದ ಅಳತೆಯನ್ನು 6.28ರಿಂದ ಭಾಗಿಸಿ, ಬಂದಷ್ಟು ಇಂಚಿಗೆ ದಾರ ಹಿಡಿದು ನಡುವಿನ ಗುಂಡು ಎಳೆಯಬೇಕು. ನನ್ನ ಸೊಂಟ 32, ಅಂದರೆ ದಾರ 5 ಇಂಚು ಚಿಲ್ಲರೆ. ಉದ್ದ 27, ಮೊಣಕಾಲಿಗಿಂತ ಸ್ವಲ್ಪ ಕೆಳಗೆ. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಎರಡು ಅರ್ಧ ಗುಂಡು ಕತ್ತರಿಸಿ ಜೋಡಿಸಿದರೆ ಮೂರೂವರೆ ಮೀಟರಿನಲ್ಲಿ ಮುಗಿಯುತ್ತದೆ. ಒಂದೇ ಎಚ್ಚರ, ಕೆಳಗಿನ ಅಂಚು ಮಡಿಚೋಕೆ ಮುಂಚೆ ಎರಡು ರಾತ್ರಿ ನೇತು ಹಾಕಿಡಿ. ಗುಂಡಗೆ ಕತ್ತರಿಸಿದಾಗ ಕೆಲವು ಕಡೆ ಎಳೆ ಓರೆಯಾಗಿ ಬರುತ್ತದೆ, ಆ ಜಾಗ ಜೋತು ಬೀಳುತ್ತದೆ. ನನ್ನದು ಒಂದೂಕಾಲು ಇಂಚು ಇಳಿದಿತ್ತು.

ಕಷ್ಟ ಇರೋದು ಒಳಗೆ. ಒಳಗೆ ಏನೂ ಹಾಕದಿದ್ದರೆ ಆ ಐದು ಮೀಟರ್ ಘೇರು, ಅಂದರೆ ಸ್ಕರ್ಟಿನ ಕೆಳಗಿನ ಸುತ್ತಳತೆ, ಮಡಚಿದ ಕೊಡೆ ಥರ ಕಾಲಿಗೆ ಅಂಟಿಕೊಂಡು ನಿಲ್ಲುತ್ತದೆ.

ಮೊದಲು ತಂದದ್ದು ರೆಡಿಮೇಡ್ ಕ್ಯಾನ್‌ಕ್ಯಾನ್. ಲೆಹಂಗಾ ಒಳಗೆ ಹಾಕುತ್ತಾರಲ್ಲ, ಗಟ್ಟಿ ನೆಟ್ಟಿನದು, ಮೂರು ಪದರ. ನಮ್ಮ ಬಳ್ಳಾರಿಯ ಬೆಂಗಳೂರು ರಸ್ತೆ ಕಡೆ ಒಂದು ಅಂಗಡಿಯಲ್ಲಿ 650 ರೂಪಾಯಿ. ಅದು ಪಾದದವರೆಗೆ ಬರೋದು, ನನಗೆ ಬೇಕಾದದ್ದು 25 ಇಂಚು. ಅಂಗಡಿಯವರು, 'ಕತ್ತರಿಸಿಕೊಳ್ಳಿ ಮೇಡಂ, ನೆಟ್ ಎಳೆ ಬಿಚ್ಚಲ್ಲ, ಮಡಿಚೋದೂ ಬೇಡ' ಅಂದರು. ಸುಳ್ಳಲ್ಲ, ಎಳೆ ಬಿಚ್ಚಲಿಲ್ಲ. ಆದರೆ ಕತ್ತರಿ ಬಿದ್ದ ಒಂದೊಂದು ಕಣ್ಣೂ ಒಂದೊಂದು ಸಣ್ಣ ಮುಳ್ಳು ಅನ್ನೋದನ್ನು ಅವರು ಹೇಳಲಿಲ್ಲ.

ಅದನ್ನು ಹಾಕಿಕೊಂಡು ಹೊಸಪೇಟೆಗೆ ಹೋದೆ, ತಂಗಿಯ ಮಗುವಿನ ಮೊದಲ ಬರ್ತ್‌ಡೇ. ಸ್ಕರ್ಟ್ ಏನು ಚೆಂದ ನಿಂತಿತ್ತು ಅಂದರೆ, ಅದೊಂದನ್ನು ಒಪ್ಪಲೇಬೇಕು, ಕನ್ನಡಿ ಮುಂದೆ ನಾಲ್ಕು ಸಲ ಸುತ್ತು ಹಾಕಿದೆ. ಬಸ್ಸಿನಲ್ಲಿ ಸೀಟಿನ ಪಕ್ಕದವರಿಗೂ ನನ್ನ ಘೇರು ಹಂಚಿತು. ಅದೆಲ್ಲ ನಡೀತದೆ ಬಿಡಿ. ಆರತಿ ಹೊತ್ತಿಗೆ ಜಮಖಾನದ ಮೇಲೆ ಕೂತೆ, ಕಾಲು ಮಡಿಚಿ, ಸ್ಕರ್ಟ್ ಸುತ್ತ ಹರಡಿಕೊಂಡು. ಆರತಿ ಆಯಿತು, ಎಲ್ಲರೂ ಎದ್ದರು. ನಾನು ಏಳೋಕೆ ಹೋದರೆ ಬಲಗಾಲು ಬರಲೇ ಇಲ್ಲ.

ಕಾಲುಂಗುರ. ನನ್ನದು ಬೆಳ್ಳಿ ಸುತ್ತುಂಗುರ. ಬೆರಳಿಗೆ ತಕ್ಕಂತೆ ಬಿಗಿ ಸಡಿಲ ಮಾಡೋಕೆ ಅಂತ ಅದರ ತುದಿ ಕೂಡಿರಲ್ಲ, ಕೂದಲೆಳೆಯಷ್ಟು ಸಂದಿ ಇರುತ್ತದೆ. ನೆಟ್ಟಿನ ಕಣ್ಣು ಆ ಸಂದಿಗೆ ನುಗ್ಗಿ ಕೂತಿತ್ತು. ಒಂದಲ್ಲ, ನಾಲ್ಕೈದು. ಎಳೆದಷ್ಟೂ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಕಾಲು ಬರಲ್ಲ. ಒಂಟಿ ಕಾಲಲ್ಲಿ ಎದ್ದು ತಂಗಿಯ ಭುಜ ಹಿಡಿದು ನಿಂತೆ. ಮಕ್ಕಳಿಗೆ ಕೇಕಿಗಿಂತ ನಾನೇ ಮಜಾ ಅನಿಸಿದೆ ಅಂತ ಕಾಣುತ್ತದೆ. ಕೊನೆಗೆ ನಮ್ಮ ಅತ್ತೆ ಎಲೆ ಅಡಿಕೆ ತಟ್ಟೆಯಿಂದ ಅಡಕತ್ತರಿ ತಂದು, ಬಗ್ಗಿ, ನೆಟ್ಟನ್ನು ಕಚಕ್ ಅಂತ ಕತ್ತರಿಸಿದರು. ಬೈಯಲಿಲ್ಲ. 'ಸೀರಿಗೆ ಹಿಂಗೆಲ್ಲ ಆಗಂಗಿಲ್ಲ ನೋಡವ್ವಾ' ಅಂದರು ಅಷ್ಟೇ. ಹೊರಡೋ ಮುಂಚೆ ಸೀರೆ ಉಟ್ಟುಕೋ ಅಂತ ಎರಡು ಸಲ ಹೇಳಿದ್ದರು.

ಇದು ಒಂದು ದಿನದ ಕಥೆ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಆಮೇಲೆ ಹಾಕೋವಾಗ ಒಂದು ಸಲ, ತೆಗೆಯೋವಾಗ ಒಂದು ಸಲ, ದಿನಾ ಇದೇ. ಕಾಲುಂಗುರ ತೆಗೆದಿಟ್ಟು ಹಾಕಿಕೋ ಅಂತ ಗೆಳತಿ ಹೇಳಿದಳು. ಸ್ಕರ್ಟಿಗೋಸ್ಕರ ಕಾಲುಂಗುರ ತೆಗೆದೆ ಅಂತ ಮನೆಯಲ್ಲಿ ಯಾರು ಹೇಳೋದು? ತೆಗೆದರೂ ಕಾಲ್ಗೆಜ್ಜೆ ಇದ್ದೇ ಇದೆ.

ರಿಪೇರಿಗೆ ಕೂತೆ. ಕತ್ತರಿಸಿದ ಅಂಚಿಗೆಲ್ಲ ಸ್ಯಾಟಿನ್ ರಿಬ್ಬನ್ ಮಡಿಚಿ ಹೊಲಿದೆ. ಮೂರು ಪದರಕ್ಕೆ ಹದಿನಾರು ಮೀಟರ್ ರಿಬ್ಬನ್ ಹಿಡಿಯಿತು, ಎರಡು ಭಾನುವಾರ ಹೋಯಿತು. ಅಂಚು ಚುಚ್ಚೋದು ನಿಂತಿತು, ಉಂಗುರ ಸಿಗೋದು ನಿಲ್ಲಲಿಲ್ಲ. ತೂತು ಇರೋದಕ್ಕೇ ಅದನ್ನು ನೆಟ್ ಅನ್ನೋದು ಅಲ್ವಾ, ಅಂಚಿಗೆ ಏನು ಕಟ್ಟಿದರೇನು. ಆಮೇಲೆ ಮೆತ್ತನೆ ನೆಟ್ ಎಂಟು ಮೀಟರ್ ತಂದು ನಾನೇ ಇನ್ನೊಂದು ಹೊಲಿದೆ, 50 ರೂಪಾಯಿಗೆ ಮೀಟರ್. ಕಾಲಿಗೆ ಹಿತವಾಗಿತ್ತು, ಆದರೆ ಸ್ಕರ್ಟ್ ಎತ್ತಿ ಹಿಡಿಯೋ ಶಕ್ತಿಯೇ ಇಲ್ಲ. ಎರಡು ಸಲ ಒಗೆದ ಮೇಲೆ ಸೊಳ್ಳೆಪರದೆ ಥರ ಆಯಿತು. ಹೊಲಿಯೋವಾಗ ಮಿಷನ್ನಿನ ಪಾದಕ್ಕೆ ನೆಟ್ ಸಿಕ್ಕಿಕೊಳ್ಳೋದು ಬೇರೆ. ಕೆಳಗೆ ಹಳೆ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದರೆ ಸಲೀಸು, ಇದೊಂದು ಉಪಾಯ ನೆಟ್ಟಿನಿಂದ ಕಲಿತದ್ದು.

ಚುಚ್ಚೋ ಒಳಲಂಗ ಹೊಸದೇನಲ್ಲ. ಹಿಂದೆ ಯುರೋಪಿನ ಹೆಂಗಸರು ಹಾಕುತ್ತಿದ್ದ ಉಬ್ಬು ಒಳಲಂಗಕ್ಕೆ ಕ್ರಿನೋಲಿನ್ ಅನ್ನೋ ಹೆಸರು ಬಂದಿರೋದೇ ಫ್ರೆಂಚಿನ 'ಕ್ರಿನ್' ಪದದಿಂದ, ಹಾಗಂದರೆ ಕುದುರೆ ಕೂದಲು. ಅದನ್ನು ನೇಯ್ದ ಗಟ್ಟಿ ಬಟ್ಟೆಯಲ್ಲಿ ಒಳಲಂಗ ಹೊಲಿಯುತ್ತಿದ್ದರು. 1856ರ ಹೊತ್ತಿಗೆ ಅದೂ ಸಾಕಾಗದೆ ಉಕ್ಕಿನ ಬಳೆಗಳ ಪಂಜರವನ್ನೇ ಸೊಂಟಕ್ಕೆ ಕಟ್ಟಿಕೊಂಡರು. ಅವರಿಗೆ ಬಳ್ಳಾರಿ ಬಿಸಿಲು ಗೊತ್ತಿರಲಿಲ್ಲ, ಪಾಪ.

ಸ್ಯಾಟಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜಾರುತ್ತದೆ, ಮುದ್ದೆಯಾಗಲ್ಲ, ಮೇಲಿನ ಸ್ಕರ್ಟಿಗೆ ಅಂಟಲ್ಲ ಅಂತ ತಂದೆ. ನಮಗೆ ಸಿಗೋದೆಲ್ಲ ಪಾಲಿಯೆಸ್ಟರ್. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಒಂದು ಸಲ ಹಾಕಿದೆ, ಮತ್ತೆ ಹಾಕಲಿಲ್ಲ. ಘೇರಿಗಂತೂ ಅದರಿಂದ ಏನೂ ಉಪಯೋಗವಿಲ್ಲ. ಮಗ್ಗುಲ ಹೊಲಿಗೆ ಸ್ಕೂಟರ್ ಹತ್ತೋವಾಗ ಜಗ್ಗಿ ಎಳೆ ಬಿಟ್ಟಿತು.

ಕಾಟನ್ ಸಿಕ್ಕಿದ್ದು ಅಚಾನಕ್ಕಾಗಿ. ಗಟ್ಟಿ ನೆಟ್ ಕಾಲಿಗೆ ತಾಗದಿರಲಿ ಅಂತ ಅದರ ಒಳಗೆ ಒಂದು ಪಾಪ್ಲಿನ್ ಅಸ್ತರ್ ಹೊಲಿದಿದ್ದೆ. ಬಟ್ಟೆ ಮಿಕ್ಕಿತ್ತು ಅಂತ ಕೆಳಗೆ ಎರಡು ಸುತ್ತು ಫ್ರಿಲ್ಲೂ ಇಟ್ಟಿದ್ದೆ. ಒಂದು ದಿನ ಸೆಕೆ ತಡೆಯದೆ ನೆಟ್ ಬಿಚ್ಚಿಟ್ಟು ಅಸ್ತರ್ ಒಂದನ್ನೇ ಹಾಕಿ ಆಫೀಸಿಗೆ ಹೋದೆ. ಸ್ಕರ್ಟ್ ಬಿದ್ದುಹೋಗಲಿಲ್ಲ. ಅಂದರೆ ಇಷ್ಟು ದಿನ ನೆಟ್ಟಿನ ಕೆಲಸ ಅರ್ಧ ಇದೇ ಮಾಡುತ್ತಿತ್ತಾ ಅಂತ ಅವತ್ತು ಹೊಳೆಯಿತು.

ಆಮೇಲೆ ಸರಿಯಾಗಿ ಹೊಲಿದೆ. 44 ಪನ್ನದ ಬಿಳಿ ಪಾಪ್ಲಿನ್ ಎರಡೂವರೆ ಮೀಟರ್, 90 ರೂಪಾಯಿಗೆ ಮೀಟರ್, ಒಟ್ಟು 225. ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಹಾಕಿ. ಮೊದಲನೆಯದಕ್ಕೆ ನಾನು ಈ ಕೆಲಸ ಮಾಡದೆ, ಒಂದೇ ಒಗೆತಕ್ಕೆ ಲಂಗ ಒಂದು ಇಂಚು ಮೇಲೇರಿತು. ಪನ್ನದ ಉದ್ದಕ್ಕೂ ಒಂಬತ್ತೂವರೆ ಇಂಚಿನ ಪಟ್ಟಿ ಏಳು. ಮೇಲಿನ ಸುತ್ತಿಗೆ ಒಂದು, ನಡುವಿನ ಸುತ್ತಿಗೆ ಎರಡು ಜೋಡಿಸಿ, ಕೆಳಗಿನದಕ್ಕೆ ನಾಲ್ಕು ಜೋಡಿಸಿ. ಪ್ರತಿ ಸುತ್ತೂ ಮೇಲಿನದಕ್ಕಿಂತ ಎರಡು ಪಟ್ಟು, ಅದನ್ನು ನೆರಿಗೆ ಎಳೆದು ಕೂಡಿಸೋದು. ಮಿಕ್ಕಿದ್ದರಲ್ಲಿ ಐದಿಂಚಿನ ಪಟ್ಟಿ ನಾಲ್ಕು ಕತ್ತರಿಸಿ ಕೆಳಗಿನ ಸುತ್ತಿನ ಒಳಬದಿಗೆ ಇನ್ನೊಂದು ಫ್ರಿಲ್ ಇಟ್ಟರೆ ಅದೇ ಕೊಡೆಯ ಕಡ್ಡಿ ಇದ್ದ ಹಾಗೆ.

ನಮ್ಮ ಪಕ್ಕದ ಮನೆ ಅಕ್ಕ ಇಲ್ಲಿನ ಜೀನ್ಸ್ ಯೂನಿಟ್ಟಿನಲ್ಲಿ ವರ್ಷಗಟ್ಟಲೆ ಪ್ಯಾಂಟ್ ಹೊಲಿದವರು. ನಾನು ಒಂದೇ ಸಾಲು ಉದ್ದ ಹೊಲಿಗೆ ಹಾಕಿ ದಾರ ಎಳೆಯುತ್ತಾ, ಅದು ನಡುವೆ ಪಟ್ ಅಂತ ಹರಿದು, ಮತ್ತೆ ಹಾಕುತ್ತಾ ಕೂತಿದ್ದನ್ನು ನೋಡಿ, 'ಒಂದ ದಾರದ ಮ್ಯಾಲೆ ಭರೋಸ ಇಡಬ್ಯಾಡ ತಂಗಿ, ಎರಡು ಸಾಲು ಹಾಕು, ಎಂಟು ಭಾಗ ಮಾಡಿ ಚಾಕ್ ಗುರುತು ಹಾಕ್ಕೋ' ಅಂದರು. ಎಂಟು ಗುರುತಿಗೆ ಎಂಟು ಪಿನ್ ಕೂಡಿಸಿ, ನಡುವಿನದನ್ನಷ್ಟೇ ಎಳೆದು ಸರಿಮಾಡಿದರೆ ನೆರಿಗೆ ಒಂದೇ ಕಡೆ ಗುಂಪಾಗಲ್ಲ. ಪಟ್ಟಿಗಳನ್ನು ಜೋಡಿಸೋಕೆ ಅವರು ಜೀನ್ಸಿನ ಹೊಲಿಗೆಯನ್ನೇ ಹೇಳಿಕೊಟ್ಟರು. ಒಂದು ಅಂಚನ್ನು ಕಿರಿದು ಮಾಡಿ, ಇನ್ನೊಂದನ್ನು ಅದರ ಮೇಲೆ ಮಡಿಚಿ, ಚಪ್ಪಟೆಯಾಗಿ ಎರಡನೇ ಹೊಲಿಗೆ. ನಿಮ್ಮ ಪ್ಯಾಂಟಿನ ಕಾಲು ತಿರುಗಿಸಿ ನೋಡಿ, ಕಾಣುತ್ತದೆ. ಬಿಟ್ಟ ಎಳೆ ಎಲ್ಲೂ ಇಲ್ಲ, ಆದ್ದರಿಂದ ಉಂಗುರ ಸಿಗೋಕೆ ಜಾಗವೂ ಇಲ್ಲ. ಓವರ್‌ಲಾಕ್ ದುಡ್ಡೂ ಉಳಿಯಿತು.

ಇನ್ನು ಗಂಜಿ. ಅಮೆರಿಕದಲ್ಲಿ 1950ರ ದಶಕದ ಹುಡುಗಿಯರು ಒಳಲಂಗವನ್ನು ಸಕ್ಕರೆ ನೀರಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದರು ಅಂತ ಓದಿ ನಾನೂ ಮಾಡಿದೆ. ಗಟ್ಟಿ ಆಯಿತು, ನಿಜ. ಬೆಳಿಗ್ಗೆ ಹಗ್ಗದ ಗುಂಟ ಇರುವೆ ಸಾಲು ಮಾಳಿಗೆಯಿಂದ ಲಂಗದ ತನಕ! ಅದಾದ ಮೇಲೆ ಸಾಬೂದಾನಿ. ಒಂದು ಲೀಟರ್ ನೀರಿಗೆ ಎರಡು ಚಮಚ, ಕಾಳು ಕರಗಿ ಕಣ್ಣಿಗೆ ಕಾಣದಂತೆ ಆಗೋವರೆಗೆ ಕುದಿಸಿ, ಸೋಸಿ, ಅದ್ದಿ ಹಿಂಡಿ. ಪೂರ್ತಿ ಒಣಗಿಸಬೇಡಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ, ಫ್ರಿಲ್ಲನ್ನು ಕೈಯಿಂದ ಬಿಡಿಸಿ ನೇತು ಹಾಕಿ.

ಕಾಟನ್ನಿನ ತಕರಾರನ್ನೂ ಹೇಳಬೇಕಲ್ಲ. ನೆಟ್ಟಿನಷ್ಟು ಉಬ್ಬಲ್ಲ, ಮುಕ್ಕಾಲು ಪಾಲು ಅನ್ನಿ. ನಾಲ್ಕು ತಾಸು ಕುರ್ಚಿಯಲ್ಲಿ ಕೂತರೆ ಹಿಂದುಗಡೆ ಅಪ್ಪಚ್ಚಿ. ಮಳೆಗೆ ನೆನೆದರೆ ಗಂಜಿ ಇಳಿದು ಕಾಲಿಗೆ ಮೆತ್ತಿಕೊಳ್ಳುತ್ತದೆ, ನಮ್ಮೂರಿನ ಮಳೆ ಎಷ್ಟು ಅಂತ ಗೊತ್ತೇ ಇದೆ. ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಹುಳ ಹಿಡಿಯುತ್ತದೆ, ಒಗೆದೇ ಎತ್ತಿಡಿ.

ಸೊಂಟಕ್ಕೆ ಲಾಡಿಯಾ, ಎಲಾಸ್ಟಿಕ್ಕಾ? ಎಲಾಸ್ಟಿಕ್ ಇಷ್ಟು ಭಾರಕ್ಕೆ ಸಂಜೆ ಹೊತ್ತಿಗೆ ಇಳಿಯುತ್ತದೆ. ಲಾಡಿಯ ಕಥೆ ನಮ್ಮ ಅಮ್ಮನ ಸೊಂಟದ ಮೇಲಿದೆ, ನಲವತ್ತು ವರ್ಷ ಸೀರೆ ಉಟ್ಟು ಆದ ಕಪ್ಪು ಗೆರೆ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ದೇಶದ ಇಬ್ಬರು ವಯಸ್ಸಾದ ಹೆಂಗಸರ ವಿಷಯ ಬಂದಿತ್ತು. ವರ್ಷಗಟ್ಟಲೆ ಸೊಂಟಕ್ಕೆ ಲಂಗವನ್ನೋ ಸೀರೆಯನ್ನೋ ಬಿಗಿದು ಕಟ್ಟಿ, ಅಲ್ಲೇ ಹುಣ್ಣಾಗಿ, ವಾಸಿಯಾಗದೆ ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಅದನ್ನು ಓದಿದ ಮೇಲೆ ನಾನು ಎರಡು ಇಂಚು ಅಗಲದ ಪಟ್ಟಿ ಇಟ್ಟು, ಮಗ್ಗುಲಿಗೆ ಎರಡು ಹುಕ್ಕು ಹಾಕುತ್ತೇನೆ. ಹುಕ್ಕಿಗೆ ಎರಡು ಜಾಗದಲ್ಲಿ ಕೊಂಡಿ ಇಟ್ಟರೆ ಊಟ ಜಾಸ್ತಿ ಆದ ದಿನ ಸಡಿಲ ಮಾಡಬಹುದು. ಅಮ್ಮನಿಗೂ ಸೀರೆಗೆ ಅಂಥದ್ದೇ ಎರಡು ಹೊಲಿದುಕೊಟ್ಟೆ. 'ಜಾರಿಬಿದ್ದರೆ?' ಅಂತ ಮೇಲೊಂದು ಲಾಡಿ ಕಟ್ಟಿಕೊಂಡೇ ಉಡುತ್ತಾರೆ.

ಸ್ಕೂಟರಿನವರಿಗೆ ಒಂದು ಮಾತು, ಒಳಗೆ ಮೊಣಕಾಲುದ್ದದ ಕಾಟನ್ ನಿಕ್ಕರ್ ಹೊಲಿದುಕೊಳ್ಳಿ. ಹಳೆ ನೈಟಿ ಒಂದರಲ್ಲಿ ಎರಡು ಬರುತ್ತದೆ. ಗಾಳಿಗೂ ಆಯಿತು, ಸೆಕೆಗೆ ತೊಡೆ ಉಜ್ಜಿ ಉರಿಯೋದಕ್ಕೂ ಆಯಿತು.

ಒಂದೇ ಸಂಜೆ, ಫೋಟೋಗೆ ಮಾತ್ರ, ಕುರ್ಚಿ ಮೇಲಷ್ಟೇ ಕೂರೋದು ಅನ್ನೋರು ನೆಟ್ ತಗೊಳ್ಳಿ, ಬೇಡ ಅನ್ನಲ್ಲ. ನನಗೆ ವಾರಕ್ಕೆ ಎರಡು ದಿನ ಹಾಕಬೇಕು, ಸ್ಕೂಟರ್ ಓಡಿಸಬೇಕು, ನೆಲದ ಮೇಲೆ ಕೂತು ಉಣ್ಣಬೇಕು. ಭಾನುವಾರ ಹೇಗಿದ್ದರೂ ಅಮ್ಮನ ಕಾಟನ್ ಸೀರೆಗಳಿಗೆ ಗಂಜಿ ಕಾಯುತ್ತದೆ, ಅದೇ ಬಕೆಟ್ಟಿಗೆ ನನ್ನ ಲಂಗವೂ ಬೀಳುತ್ತದೆ.

ಗಟ್ಟಿ ನೆಟ್ಟನ್ನು ಪದರ ಬಿಚ್ಚಿ ಅತ್ತೆಗೆ ಕೊಟ್ಟೆ. ಈ ಬೇಸಿಗೆ ಮಾಳಿಗೆ ಮೇಲೆ ಸಂಡಿಗೆ ಅದರ ಕೆಳಗೇ ಒಣಗಿದವು, ಕಾಗೆ ಹತ್ತಿರ ಬರಲಿಲ್ಲ. ಮೆತ್ತನೆಯದೂ ಇದೆಯಲ್ಲ, ಅದನ್ನೂ ಕೊಡು ಅಂತ ಮೊನ್ನೆ ಕೇಳಿದರು.