ಮಧೂರು ಜಾತ್ರೆಯೋ, ಪೆರ್ಲದ ತೋಟದ ಮನೆಯೋ: ಬೇಸಗೆ ರಜೆಯ ಒಂದು ಹೋಲಿಕೆ

ಕಾಸರಗೋಡಿನ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ಎರಡೂ ತಿಂಗಳು ರಜೆ. ಲೆಕ್ಕಕ್ಕೆ ಅದು ದೀರ್ಘವಾಗಿ ಕಂಡರೂ, ಮನೆಮಂದಿಯೆಲ್ಲ ಒಟ್ಟಾಗಿ ಹೊರಡುವುದಕ್ಕೆ ಒದಗುವ ಕಾಲ ಏಪ್ರಿಲ್ ಮಧ್ಯದ ವಿಷು ಹಬ್ಬದಿಂದ ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆಯವರೆಗೆ ಮಾತ್ರ. ಆಮೇಲೆ ಭೂತಕೋಲ, ಬಯಲಾಟಗಳೆಲ್ಲ ಮುಗಿದು, ಜನರ ಗಮನ ಮಳೆಗಾಲದ ಸಿದ್ಧತೆಯತ್ತ ತಿರುಗುತ್ತದೆ. ಈ ಅವಧಿಯಲ್ಲಿ ನಮ್ಮ ಮನೆಯಲ್ಲಿ ಪ್ರತಿ ವರ್ಷ ಚರ್ಚೆಗೆ ಬರುವುದು ಎರಡೇ ಆಯ್ಕೆಗಳು. ಒಂದು ವಿಷುವಿನ ಹೊತ್ತಿಗೆ ನಡೆಯುವ ಮಧೂರು ದೇವಸ್ಥಾನದ ಜಾತ್ರೆ, ಇನ್ನೊಂದು ಪೆರ್ಲದ ಕಡೆಯ ಅಡಿಕೆ ತೋಟದ ಮನೆಯೊಂದರಲ್ಲಿ ಬಾಡಿಗೆ ಕೊಟ್ಟು ಉಳಿಯುವುದು. ಎರಡನ್ನೂ ಅನುಭವಿಸಿದ ಮೇಲೆ, ಮಕ್ಕಳು ಮತ್ತು ವಯಸ್ಸಾದವರು ಇಬ್ಬರೂ ಇರುವ ಕುಟುಂಬಕ್ಕೆ ತೋಟದ ಮನೆಯೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಜಾತ್ರೆಯ ಒಂದು ಸಂಜೆಗೆ ಸಾಟಿಯಾಗುವಂಥದ್ದು ತೋಟದಲ್ಲಿ ಇಲ್ಲವೆಂಬುದನ್ನೂ ಹೇಳಬೇಕು.

ಮಧೂರಿನ ದೊಡ್ಡ ಅನುಕೂಲವೆಂದರೆ ಸಾಮೀಪ್ಯ. ಕಾಸರಗೋಡು ಪೇಟೆಯಿಂದ ಎಂಟು ಕಿಲೋಮೀಟರಿನಷ್ಟು ದೂರ, ಬಸ್ಸು ಬೇಕಾದಷ್ಟಿವೆ. ಮಧುವಾಹಿನಿ ಹೊಳೆಯ ದಡದಲ್ಲಿ ಮೂರು ನೆಲೆಗಳ ಗಜಪೃಷ್ಠ (ಆನೆಯ ಬೆನ್ನಿನಂಥ) ಆಕಾರದ ಗರ್ಭಗುಡಿ, ಮರದಲ್ಲಿ ಕೆತ್ತಿದ ರಾಮಾಯಣದ ಪ್ರಸಂಗಗಳು, ಇವನ್ನು ಸಾಮಾನ್ಯ ದಿನದಲ್ಲಿ ನಿಧಾನವಾಗಿ ನೋಡಬಹುದು; ಜಾತ್ರೆಯಲ್ಲಿ ಅದಕ್ಕೆ ಪುರಸೊತ್ತಿರುವುದಿಲ್ಲ. ಪ್ರಧಾನ ದೇವರು ಶಿವ, ಅಂದರೆ ಮದನಂತೇಶ್ವರನಾದರೂ ಮಕ್ಕಳಿಗೆ ಹಿಡಿಸಿದ್ದು ಗಣಪತಿಯ ಕಥೆಯೇ. ಪೂಜೆಯವರ ಹುಡುಗನೊಬ್ಬ ಆಟಕ್ಕೆಂದು ಗೋಡೆಯ ಮೇಲೆ ಬರೆದ ಗಣಪ ದಿನದಿಂದ ದಿನಕ್ಕೆ ಉಬ್ಬುತ್ತ ಬಂದನಂತೆ, ಹುಡುಗ ಅವನನ್ನು ಬೊಡ್ಡಜ್ಜ (ದಪ್ಪಜ್ಜ) ಎಂದು ಕರೆದನಂತೆ. ಇದನ್ನು ಕೇಳಿದ ನನ್ನ ಕಿರಿಯ ಮಗ ಮನೆಗೆ ಬಂದು ಯಾವ ಗೋಡೆಯನ್ನು ಹಾಳುಮಾಡಿದನೆಂಬುದು ಇಲ್ಲಿಗೆ ಸಂಬಂಧಿಸಿದ ವಿಷಯವಲ್ಲ.

ರಾತ್ರಿಯ ಉತ್ಸವಬಲಿಯಲ್ಲಿ, ಅಂದರೆ ದೇವರ ಪ್ರದಕ್ಷಿಣೆಯಲ್ಲಿ, ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತವರ ಹೆಜ್ಜೆ ಚೆಂಡೆ ಸುತ್ತಿನಲ್ಲಿ ನಿಧಾನವಾಗಿ ಆರಂಭವಾಗಿ ಏರುತ್ತ ಹೋಗುವಾಗ, ಮೊಬೈಲಿನಿಂದ ಕಣ್ಣು ತೆಗೆಯದ ಹದಿಹರೆಯದವರೂ ತಲೆಯೆತ್ತುತ್ತಾರೆ. ಅದಕ್ಕೆ ಟಿಕೆಟಿಲ್ಲ, ಮುಂಗಡ ಕಾಯ್ದಿರಿಸುವ ಗೋಜಿಲ್ಲ. ತುಳು, ಕನ್ನಡ, ಮಲಯಾಳ, ಕೊಂಕಣಿ ಒಂದೇ ಅಂಗಳದಲ್ಲಿ ಕಿವಿಗೆ ಬೀಳುತ್ತವೆ. 1992ರ ಬಳಿಕ 2025ರಲ್ಲಿ ನಡೆದ, ಗಣಪತಿಯನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆಯಂತಹ ಸಂದರ್ಭದ ಮಾತು ಬೇರೆ. ಆಗ ಸೇರುವ ಜನಸಾಗರದೊಳಗೆ ಪುಟ್ಟ ಮಕ್ಕಳ ಕೈಹಿಡಿದು ಹೋಗುವ ಧೈರ್ಯ ನನಗಿಲ್ಲ. ವರ್ಷಾವಧಿ ಜಾತ್ರೆಯ ಜನಸಂದಣಿ ಸಹಿಸುವಷ್ಟಿರುತ್ತದೆ.

ಜಾತ್ರೆಯ ತೊಡಕು ಹಗಲಿನದು. ಏಪ್ರಿಲ್ ಮಧ್ಯದ ಮಧ್ಯಾಹ್ನ ಬೆವರು ಆರದ ಕರಾವಳಿಯ ಸೆಕೆಯಲ್ಲಿ ಊಟದ ಸರದಿಗೆ ನಿಲ್ಲುವುದು ಮಂಡಿನೋವಿರುವ ನಮ್ಮ ಅತ್ತೆಯವರಿಗೆ ಶಿಕ್ಷೆಯೇ ಸರಿ. ಕುಳಿತುಕೊಳ್ಳಲು ನೆರಳು ಸಿಕ್ಕಿದರೆ ದೇವರು ಕಾಣುವುದಿಲ್ಲ, ದೇವರು ಕಾಣುವ ಜಾಗದಲ್ಲಿ ನೆರಳಿಲ್ಲ. ಶೌಚಾಲಯಕ್ಕೂ ಕಾಯಬೇಕು. ಸಂತೆಯ ಸಾಲಿನಲ್ಲಿ ಚರುಮುರಿ, ಐಸ್‌ಕ್ಯಾಂಡಿ, ಬಳೆ, ಆಟಿಕೆ ಎಂದು ಕೈಯಿಂದ ಜಾರುವ ಹಣವನ್ನು ಸೇರಿಸಿ ನೋಡಿದರೆ, ಬಿಟ್ಟಿ ಎನ್ನಿಸಿದ ಜಾತ್ರೆ ಅಷ್ಟೇನೂ ಅಗ್ಗವಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ವಿಷುವಿನ ದಿನ ಬೆಳಗಿನ ಜಾವಕ್ಕೆ ಎದ್ದು ಕಣಿ (ಹಬ್ಬದ ಬೆಳಗ್ಗೆ ಮೊದಲು ನೋಡುವ ಮಂಗಳವಸ್ತುಗಳು) ಇಟ್ಟು, ಹಬ್ಬದಡುಗೆ ಮುಗಿಸಿ, ಬಂದ ನೆಂಟರಿಗೆ ಬಡಿಸಿ, ಆಮೇಲೆ ಜಾತ್ರೆಗೆ ಹೊರಡುವ ಹೆಂಗಸಿಗೆ ಅದು ವಿಹಾರವಾಗಲು ಹೇಗೆ ಸಾಧ್ಯ? ಗಂಡಸರು ಮತ್ತು ಮಕ್ಕಳ ಪಾಲಿನ ರಜೆ ಅದು. ಸಂಬಂಧಿಕರ ತೋಟಕ್ಕೆ ಹೋದರೂ ಕಥೆ ಹೆಚ್ಚು ಬದಲಾಗುವುದಿಲ್ಲ, ಅಡುಗೆಮನೆ ಮಾತ್ರ ಬದಲಾಗುತ್ತದೆ. ಹಣ ಕೊಟ್ಟು ಉಳಿಯುವ ಮನೆಯನ್ನೇ ನಾನು ಹಟ ಹಿಡಿದು ಆರಿಸಲು ಇದೇ ಕಾರಣ.

ಬದಿಯಡ್ಕ ದಾಟಿ ಪೆರ್ಲದತ್ತ ಸಾಗುವಾಗ ಗೇರು ಬೆಳೆದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಅಡಿಕೆ ತೋಟಗಳು ಕಾಣುತ್ತವೆ. ನಾವು ಉಳಿದ ಮನೆಯ ಹಿಂದೆ ಒಂದು ಸುರಂಗವಿತ್ತು. ಗುಡ್ಡದ ಮೈಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲಕ್ಕೆ ಕೊರೆದ ಈ ಸುರಂಗಗಳಲ್ಲಿ ಮುರಕಲ್ಲಿನ ಸಂದುಗಳಿಂದ ಒಸರುವ ನೀರು ತಳದ ಕಾಲುವೆಯಲ್ಲಿ ಹರಿದು ಹೊರಗಿನ ಟಾಂಕಿಗೆ ಬಂದು ಬೀಳುತ್ತದೆ. ನೀರು ತಾನಾಗಿ ಇಳಿದು ಬರುವುದರಿಂದ ಪಂಪೂ ಬೇಡ, ಕರೆಂಟೂ ಬೇಡ. ಕಾಸರಗೋಡಿನವರಾಗಿದ್ದೂ ಪೇಟೆಯ ನಮ್ಮ ಮಕ್ಕಳು ಇದನ್ನು ಕಂಡದ್ದು ಅಲ್ಲಿಯೇ. ಒಳಗೆ ಬಾವಲಿಗಳಿರುತ್ತವೆ, ಗಾಳಿಯಾಟ ಕಡಿಮೆ. ಆದ್ದರಿಂದ ಮನೆಯವರು ಮಕ್ಕಳನ್ನು ಬಾಯಿಯ ಬಳಿಯೇ ನಿಲ್ಲಿಸಿದರು. ಆದರೂ ಆ ತಣ್ಣನೆಯ ನೀರಿನ ಟಾಂಕಿಯನ್ನು ಬಿಟ್ಟು ಅವರು ಊಟಕ್ಕೂ ಏಳಲೊಲ್ಲರು.

ಅತ್ತೆಯವರಿಗೆ ಜಗಲಿಯೇ ಸಾಕಾಯಿತು. ಮನೆಯೊಡತಿ, "ಅಕ್ಕಾ, ನೀವು ಸುಮ್ಮನೆ ಕೂತುಕೊಳ್ಳಿ" ಎಂದರೂ ಕೇಳದೆ, ಅಲ್ಲಿ ನಡೆಯುತ್ತಿದ್ದ ಹಲಸಿನ ಹಪ್ಪಳದ ಕೆಲಸಕ್ಕೆ ಕೈಹಾಕಿದರು. ಉಂಡೆಗಳನ್ನು ಒತ್ತುವುದು ಅವರ ಪಾಲಿಗೆ, ಅಂಗಳದ ಚಾಪೆಯ ಮೇಲೆ ಹರಡುವುದು ಮಕ್ಕಳ ಪಾಲಿಗೆ. ಊಟಕ್ಕೆ ಕಾಟುಮಾವಿನ (ಕಾಡುಮಾವಿನ) ಹಣ್ಣಿನ ಗೊಜ್ಜು, ಹಲಸಿನ ಹಣ್ಣಿನ ಕೊಟ್ಟಿಗೆ ಎಂಬ ಕಡುಬು, ಬಾಯಾರಿಕೆಗೆ ಪುನರ್ಪುಳಿ (ಕೋಕಂ) ಶರಬತ್ತು. ಪೇಟೆಯ ಹೋಟೆಲಿನಲ್ಲಿ ಇವು ಕೇಳಿದರೂ ಸಿಗುವುದಿಲ್ಲ.

ತೋಟದ ಮನೆಗೂ ಕೊರತೆಗಳಿವೆ. ಸಂಜೆಯ ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ, ನೆಟ್‌ವರ್ಕು ಗುಡ್ಡ ಹತ್ತಿದರೆ ಮಾತ್ರ. ಹದಿನೈದು ದಾಟಿದ ಮಗಳಿಗೆ ಎರಡನೆಯ ದಿನವೇ ಬೇಸರ ಬಂತು. ಅವಳನ್ನು ಸಮಾಧಾನಪಡಿಸಿದ್ದು ಪೊಸಡಿಗುಂಪೆ. ಧರ್ಮತ್ತಡ್ಕದ ಬಳಿಯ ಈ ಗುಡ್ಡದ ತುದಿಯಿಂದ ತಿಳಿಯಾದ ಮುಂಜಾನೆ ಪಶ್ಚಿಮದ ಸಮುದ್ರ ಕಾಣುತ್ತದೆ. ಮೇಲೆ ನೆರಳಿಲ್ಲ, ಬಿಸಿಲೇರುವ ಮುನ್ನ ಇಳಿದುಬಿಡಬೇಕು. ವಾಹನ ಸ್ವಂತದ್ದಿಲ್ಲದಿದ್ದರೆ ಈ ಕಡೆಯ ಓಡಾಟ ಕಷ್ಟ. ಅಷ್ಟರಮಟ್ಟಿಗೆ ಮಧೂರಿಗೇ ಅಂಕ. ಖರ್ಚಿನಲ್ಲೂ ತೋಟದ ಮನೆ ದುಬಾರಿಯೇ, ಊಟ ಸೇರಿಸಿ ತಲೆಲೆಕ್ಕದಲ್ಲಿ ಕೊಡಬೇಕಾದದ್ದು ದೊಡ್ಡ ಕುಟುಂಬಕ್ಕೆ ಭಾರವಾಗುತ್ತದೆ.

ಎರಡನ್ನೂ ಇರಿಸಿಕೊಳ್ಳಬಯಸುವವರಿಗೆ ನನ್ನ ಸಲಹೆ ಹೀಗಿದೆ. ಜಾತ್ರೆಗೆ ವಿಷುವಿನ ದಿನ ಬಿಟ್ಟು ಬೇರೊಂದು ಸಂಜೆ, ಮನೆಯಲ್ಲಿ ಊಟ ಮುಗಿಸಿಕೊಂಡು, ಬಲಿಯ ಹೊತ್ತಿಗೆ ಮಾತ್ರ ಹೋಗಿರಿ. ಮಂಡಿನೋವಿನವರಿಗೆ ಮಡಚುವ ಕುರ್ಚಿಯೊಂದು ಜೊತೆಗಿರಲಿ. ತೋಟದ ಮನೆಗೆ ಎರಡು ರಾತ್ರಿ ಸಾಕು. ಒಂದೆರಡು ಬೇಸಗೆ ಮಳೆ ಬಿದ್ದ ಮೇಲೆ, ಮೇ ಮೊದಲ ಅರ್ಧದಲ್ಲಿ ಹೋದರೆ ಧಗೆಯೂ ತಗ್ಗಿರುತ್ತದೆ, ಮಾವು ಹಲಸುಗಳೂ ಇರುತ್ತವೆ. ಮಳೆ ಬಾರದ ವರ್ಷ ಮೇ ತಿಂಗಳಿನಲ್ಲಿ ಕೆಲವು ಸುರಂಗಗಳ ಒಸರು ಸಣ್ಣದಾಗುವುದುಂಟು, ಆದ್ದರಿಂದ ಹೊರಡುವ ಮುನ್ನ ಫೋನು ಮಾಡಿ ನೀರಿನ ಸ್ಥಿತಿಯನ್ನು ಕೇಳಿಕೊಳ್ಳುವುದು ಒಳ್ಳೆಯದು.